ಬಜರ್ ಕೂಗುತ್ತಲೇ ಇತ್ತು

ಕೊಂಢವಾ ಬಡಾವಣೆಯಲ್ಲಿರುವ ನನ್ನ ಅಂಗಡಿಗೆ ಆ ಕಾರು ಮೊದಲ ಸಲ ಬಂದದ್ದು ಇನ್ನೊಂದು ಕಾರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಮುಂದಿನ ಕಾರನ್ನು ಮಗಳು ನಡೆಸುತ್ತಿದ್ದರು. ಹಿಂದಿನದರಲ್ಲಿ ಸ್ಟಿಯರಿಂಗ್ ಹಿಡಿದು ಅಪ್ಪ ಕೂತಿದ್ದರು. ಅರವತ್ತು ವರ್ಷ ದಾಟಿದ ಕಾರು. ತಿಳಿಹಸಿರು ಬಣ್ಣ, ಉಬ್ಬಿದ ಬಾನೆಟ್, ಸ್ಟಿಯರಿಂಗಿನ ಕೆಳಗೇ ಗೇರಿನ ಕಡ್ಡಿ. ಗಾಡಿಗಳ ವೈರಿಂಗ್ ನನ್ನ ಕಸುಬು. ಆದರೆ ನನ್ನ ಬಳಿ ಬರುವುದೆಲ್ಲ ರಿಕ್ಷಾ, ಟೆಂಪೋ, ಈಗಿನ ಸಣ್ಣ ಕಾರುಗಳು. ಇಂಥದ್ದಕ್ಕೆ ಕೈ ಹಾಕಿ ಬಹಳ ದಿನಗಳಾಗಿದ್ದವು.

ಮಗಳು ಇಳಿದು ಮರಾಠಿಯಲ್ಲಿ ವಿಷಯ ಹೇಳತೊಡಗಿದರು. ಅಷ್ಟರಲ್ಲಿ ನನ್ನ ಹೆಂಡತಿಯ ಫೋನ್ ಬಂತು, ಕನ್ನಡದಲ್ಲಿ ಎರಡು ಮಾತಾಡಿ ಇಟ್ಟೆ. ಅಪ್ಪ ಕಾರಿನಿಂದ ಇಳಿದು ನನ್ನ ತೀರಾ ಹತ್ತಿರ ಬಂದು ನಿಂತರು.

"ಯಾವ ಕಡೆಯವ ತಮ್ಮಾ ನೀ?"

"ಬೀದರ ಕಡೆಯವ್ರಿ."

"ನಾವು ಧಾರವಾಡದವ್ರು. ಇಲ್ಲಿಗೆ ಬಂದು ಐವತ್ತು ವರ್ಷಾತು."

ಅಲ್ಲಿಂದ ಮಾತು ಕನ್ನಡಕ್ಕೆ ತಿರುಗಿತು. ಅವರು ಯಂತ್ರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಮಗಳು ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ, ಅಪ್ಪ ಅವರ ಜೊತೆಯಲ್ಲೇ ಇರುತ್ತಾರೆ. ನಾನು ಅವರನ್ನು ಕಾಕಾ ಎಂದೂ ಮಗಳನ್ನು ಅಕ್ಕಾರು ಎಂದೂ ಕರೆಯತೊಡಗಿದೆ.

"ಒಂದ ತಿಂಗಳದಾಗ ಮೂರು ಸಲ ಬ್ಯಾಟರಿ ಇಳದದ" ಎಂದರು ಅಕ್ಕಾರು. "ಅಪ್ಪ ಲೈಟ್ ಹಚ್ಚಿದ್ದು ಮರತ ಬಿಡ್ತಾರ."

ಕಾಕಾ ದಿನವೂ ಬೆಳಕು ಹರಿಯುವ ಮುನ್ನ ಎದ್ದು ಕಾತ್ರಜ ಘಾಟಿನ ಹಳೆಯ ಸುರಂಗದ ತನಕ ಕಾರಿನಲ್ಲಿ ಹೋಗಿ ಬರುತ್ತಾರೆ. ಹೋಗುವಾಗ ಕತ್ತಲು, ಲೈಟು ಬೇಕು. ವಾಪಸು ಬರುವಷ್ಟರಲ್ಲಿ ಬಿಸಿಲು ಬಿದ್ದಿರುತ್ತದೆ, ಉರಿಯುವ ಲೈಟು ಕಣ್ಣಿಗೆ ಬೀಳುವುದಿಲ್ಲ. ಈಗಿನ ಕಾರಾದರೆ ತಾನೇ ಕೂಗಿ ಹೇಳುತ್ತದೆ. ಇದರಲ್ಲಿ ಆ ಏರ್ಪಾಡಿಲ್ಲ. ಚಾವಿ ಬಂದ್ ಮಾಡಿದ ಮೇಲೂ ಲೈಟು ಉರಿಯುತ್ತಿದ್ದರೆ ಕೂಗುವಂಥ ಬಜರ್ ಒಂದನ್ನು ಹಾಕಿಕೊಡಬೇಕು. ಕೆಲಸ ಇಷ್ಟೇ.

ಕಾಕಾ ಬಾನೆಟ್ ಎತ್ತಲು ಹೋದಾಗ ಅಕ್ಕಾರು ದನಿ ತಗ್ಗಿಸಿದರು. "ಲೈಟ್ ಒಂದ ಆಗಿದ್ರ ನಾ ಇಷ್ಟು ಅಂಜತಿರಲಿಲ್ಲ. ಹೇಳಿದ್ದಕ್ಕೆಲ್ಲ ಹೂಂ ಅಂತಾರ, ಸಂಜಿಕ್ಕ ನೀ ಹೇಳೇ ಇಲ್ಲ ಅಂತಾರ. ಇದು ಹಚ್ಚಿದ ಮ್ಯಾಲೂ ಮರತ್ರಂದ್ರ ಗಾಡಿ ಮಾರೋದ. ಡಾಕ್ಟರಿಗೂ ತೋರಸೋದು ಅದ."

ಕಾಕಾ ತಮ್ಮದೊಂದು ಷರತ್ತು ಹಾಕಿದರು. "ಒಂದೂ ವೈರ್ ಕಡೀಬಾರ್ದು ತಮ್ಮಾ. ಕಂಪನಿ ಹಾಕಿದ್ದು ಹಾಂಗ ಇರಬೇಕು." ಸೀಟಿನ ಮೇಲಿದ್ದ ಉದ್ದನೆಯ ಕೊಳವೆಯಿಂದ ಒಂದು ಹಾಳೆ ತೆಗೆದು ಬಾನೆಟ್ಟಿನ ಮೇಲೆ ಹರಡಿದರು. ಇಡೀ ಕಾರಿನ ವೈರಿಂಗನ್ನು ಅವರೇ ಪೆನ್ಸಿಲಿನಲ್ಲಿ ಬರೆದಿದ್ದರು. ಯಾವ ವೈರಿಗೆ ಯಾವ ಬಣ್ಣ, ಎಲ್ಲಿ ಜೋಡಣೆ, ಎಲ್ಲಿ ಫ್ಯೂಸ್, ಒಂದನ್ನೂ ಬಿಟ್ಟಿರಲಿಲ್ಲ. ಚಾಕಣದ ಕಾರ್ಖಾನೆಯಲ್ಲಿ ನಾಲ್ಕು ವರ್ಷ ವೈರಿನ ಕಟ್ಟು ಕಟ್ಟಿದವನು ನಾನು. ಅಷ್ಟು ಚೊಕ್ಕ ನಕ್ಷೆ ನಮಗೆ ಅಲ್ಲೂ ಸಿಗುತ್ತಿರಲಿಲ್ಲ.

ವೈರು ಕತ್ತರಿಸದೆ ಮಾಡುವ ದಾರಿ ಸುಲಭದ್ದಿತ್ತು. ಬಜರಿನ ಒಂದು ತುದಿಯನ್ನು ಲೈಟಿನ ವೈರು ಸೇರುವ ಸ್ಕ್ರೂ ಕೆಳಗೆ, ಇನ್ನೊಂದನ್ನು ಚಾವಿ ತಿರುಗಿಸಿದಾಗ ಕರೆಂಟ್ ಬರುವ, ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲಿನ ಸ್ಕ್ರೂ ಕೆಳಗೆ ಸಿಗಿಸುವುದು. ಎಂಜಿನ್ ನಡೆಯುವಾಗ ಎರಡೂ ತುದಿಗೆ ಒಂದೇ ಕರೆಂಟ್, ಬಜರ್ ಸುಮ್ಮನಿರುತ್ತದೆ. ಚಾವಿ ಬಂದ್ ಮಾಡಿ ಲೈಟು ಬಿಟ್ಟರೆ ಒಂದು ತುದಿಗೆ ಮಾತ್ರ ಕರೆಂಟ್, ಇನ್ನೊಂದು ತುದಿ ಕಾಯಿಲ್, ಪೆಟ್ರೋಲ್ ಮುಳ್ಳು ಮುಂತಾದವುಗಳ ಮೂಲಕ ಬಾಡಿಗೆ, ಅಂದರೆ ಕಾರಿನ ಲೋಹದ ಮೈಗೆ ಸೇರಿ ಬಜರ್ ಕೂಗುತ್ತದೆ. ಕರೆಂಟ್ ಉಲ್ಟಾ ಹರಿಯದಂತೆ ನಡುವೆ ಒಂದು ಡಯೋಡ್. ಅರ್ಧ ಗಂಟೆಯ ಕೆಲಸವೆಂದುಕೊಂಡು ಬ್ಯಾಟರಿ ಚಾರ್ಜಿಗೆ ಹಾಕಿದೆ, ಬಜರ್ ಜೋಡಿಸಿದೆ, ಲೈಟು ಹಾಕಿದೆ. ಸದ್ದೇ ಇಲ್ಲ.

ಎರಡು ಸಲ ಬಿಚ್ಚಿ ಕಟ್ಟಿದೆ. ಕೊನೆಗೆ ಕಾಕಾ ಹಾಳೆಯ ಮೂಲೆಗೆ ಬೆರಳಿಟ್ಟರು. ಕೆಂಪು ಪೆನ್ಸಿಲಿನಲ್ಲಿ "ಬಾಡಿ ಪ್ಲಸ್" ಎಂದು ಬರೆದಿತ್ತು. ಈಗಿನ ಎಲ್ಲ ಗಾಡಿಗಳಲ್ಲೂ ಬ್ಯಾಟರಿಯ ಮೈನಸ್ ಬಾಡಿಗೆ ಸೇರಿರುತ್ತದೆ, ಆ ಕಾಲದ ಈ ಕಾರಿನಲ್ಲಿ ಪ್ಲಸ್ ಸೇರಿತ್ತು. ನಾನು ರೂಢಿಯಂತೆ ಉಲ್ಟಾ ಕೊಟ್ಟಿದ್ದೆ, ಡಯೋಡ್ ತೆಗೆದು ನೋಡುವಾಗ ಬಜರನ್ನೂ ಸುಟ್ಟಿದ್ದೆ.

"ನಕ್ಷೆ ಓದೋವಾಗ ಮೂಲಿಯಿಂದ ಓದಬೇಕು" ಎಂದರು ಕಾಕಾ, ಬೈಯುವ ದನಿಯಲ್ಲಲ್ಲ.

ಹೊಸ ಬಜರ್ ತಂದು ತಂತಿ ಅದಲುಬದಲು ಮಾಡಿದೆ. ಕೂಗಿತು. ಬೆರಳುದ್ದದ ಕಪ್ಪು ಡಬ್ಬಿ, ಸಣ್ಣನೆಯ ಚೂಪು ದನಿ. ಪಕ್ಕದ ಬ್ಯಾಟರಿ ಅಂಗಡಿಯವನು ಕಿವಿ ಮುಚ್ಚಿಕೊಂಡ. ಚಾವಿ ಹತ್ತು ಸಲ ತಿರುಗಿಸಿದೆ, ಹತ್ತೂ ಸಲ ಕೂಗಿತು. ಕಾಕಾ ಬಾನೆಟ್ಟಿನ ಹತ್ತಿರ ನಿಂತು ನನ್ನ ಮುಖ ನೋಡಿ ನಗುತ್ತ ತಲೆಯಾಡಿಸಿದರು. ಅದನ್ನು ನಾನು ಆಗ ಗಮನಿಸಲಿಲ್ಲ ಎನ್ನುವುದು ಸುಳ್ಳಾಗುತ್ತದೆ. ಗಮನಿಸಿದೆ, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಾಲ್ಕನೆಯ ದಿನ ಅಕ್ಕಾರ ಫೋನ್ ಬಂತು. ಮತ್ತೆ ಬ್ಯಾಟರಿ ಇಳಿದಿತ್ತು.

ಅವರ ಅಪಾರ್ಟ್‌ಮೆಂಟ್ ಸೊಸೈಟಿಗೆ ಹೋದೆ. ಕಾಕಾ ಪಾರ್ಕಿಂಗಿನಲ್ಲೇ ಕಾಯುತ್ತಿದ್ದರು. "ನಿನ್ನ ಬಜರ್ ಹೊಡೀಲಿಲ್ಲ ತಮ್ಮಾ" ಎಂದರು. ನಾನು ತಂದ ಬ್ಯಾಟರಿಯಿಂದ ಜೋಡು ಕೊಟ್ಟು ಪರೀಕ್ಷಿಸಿದೆ. ಕೂಗಿತು. ಇನ್ನೊಮ್ಮೆ, ಮತ್ತೊಮ್ಮೆ. ತಪ್ಪು ಎಲ್ಲೂ ಸಿಗಲಿಲ್ಲ. ಕಡೆಗೆ, "ನೀವು ದಿನಾ ಹ್ಯಾಂಗ ಬಂದ್ ಮಾಡ್ತೀರಿ, ಹಾಂಗೇ ಮಾಡಿ ತೋರಸ್ರಿ ಕಾಕಾ" ಎಂದೆ.

ಅವರು ಸೀಟಿನಲ್ಲಿ ಕೂತು ಮೊದಲು ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ ಏನನ್ನೋ ಒತ್ತಿದರು, ಆಮೇಲೆ ಚಾವಿ ತಿರುಗಿಸಿದರು. ಬಜರ್ ಕೂಗಲಿಲ್ಲ. ಬಗ್ಗಿ ನೋಡಿದರೆ ಅಲ್ಲೊಂದು ಗುಪ್ತ ಸ್ವಿಚ್ಚು. ಹಿಂದೆ ಯಾವಾಗಲೋ ಕಳ್ಳರ ಭಯಕ್ಕೆ ಕಾಯಿಲಿಗೆ ಹೋಗುವ ಕರೆಂಟನ್ನು ಕಡಿಯಲು ಹಾಕಿಸಿದ್ದು. ಅವರ ನಕ್ಷೆಯಲ್ಲಿ ಅದು ಇರಲಿಲ್ಲ, ಯಾಕೆಂದರೆ ಅದು ಕಂಪನಿಯದಲ್ಲ.

ಆದರೂ ಆ ಸ್ವಿಚ್ ಒತ್ತಿದಾಗ ಒಮ್ಮೆ ಕೂಗುವುದು, ಒಮ್ಮೆ ಕೂಗದಿರುವುದು ಏಕೆ? ಇಡೀ ಬೆಳಗು ಅದರಲ್ಲೇ ಹೋಯಿತು. ಫ್ಯಾನ್ ಬೆಲ್ಟನ್ನು ಕೈಯಿಂದ ಎಳೆದು ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಮೀಟರ್ ಹಿಡಿದು ಕೂತಾಗ ಗುಟ್ಟು ತಿಳಿಯಿತು. ಗುಪ್ತ ಸ್ವಿಚ್ ಬಂದ್ ಆದಮೇಲೆ ಪೆಟ್ರೋಲ್ ಮುಳ್ಳಿನ ಕಡೆಯ ದಾರಿ ಕಡಿದುಹೋಗಿ ಬಜರಿಗೆ ಬಾಡಿ ಸೇರಲು ಉಳಿಯುವುದು ಒಂದೇ ದಾರಿ, ಎಂಜಿನ್ ತಿರುಗಿದಂತೆ ಕಾಯಿಲಿನ ಕರೆಂಟನ್ನು ಕಡಿದು ಸೇರಿಸುವ ಪಾಯಿಂಟ್. ಎಂಜಿನ್ ನಿಲ್ಲುವಾಗ ಆ ಪಾಯಿಂಟ್ ಮುಚ್ಚಿಕೊಂಡು ನಿಂತರೆ ಬಜರ್ ಕೂಗುತ್ತದೆ, ತೆರೆದುಕೊಂಡು ನಿಂತರೆ ಇಲ್ಲ. ಪೂರಾ ಅದೃಷ್ಟದ ಆಟ. ಅಂಗಡಿಯಲ್ಲಿ ನಾನು ಗುಪ್ತ ಸ್ವಿಚ್ ಮುಟ್ಟದೆ ಬರೀ ಚಾವಿ ತಿರುಗಿಸಿದ್ದರಿಂದ ಪ್ರತಿ ಸಲವೂ ಕೂಗಿತ್ತು.

ತಪ್ಪು ನನ್ನದೇ ಆಗಿತ್ತು. ಸಿಕ್ಕಿತಲ್ಲ ಎಂಬ ಸಮಾಧಾನವೂ ಆಗಿತ್ತು. ಅಕ್ಕಾರು ಕಾಲೇಜಿಗೆ ಹೊರಟಿದ್ದರು. ಅವರಿಗೆ, "ಕಾಕಾರ ತಪ್ಪಿಲ್ಲರಿ, ನಂದೇ ತಪ್ಪು" ಎಂದೆ. ಅವರ ಮುಖ ಹಗುರಾದದ್ದನ್ನು ನೋಡಿದೆ.

ಮಾರನೆಯ ದಿನ ಒಂದು ರಿಲೇ, ಅಂದರೆ ಕರೆಂಟ್ ಬಂದು ಹೋದಂತೆ ತಾನೇ ಮಿಟಿಯುವ ಸ್ವಿಚ್ಚು, ತಂದು ಡ್ಯಾಶ್‌ಬೋರ್ಡಿನ ಅಡಿಗೆ ಕೂರಿಸಿದೆ. ಈಗ ಬಜರಿಗೆ ಕಾಯಿಲಿನ ಹಂಗಿಲ್ಲ. ಚಾವಿ ಬಂದ್ ಆದರೆ ರಿಲೇ ಬಿಟ್ಟುಕೊಂಡು ಬಜರನ್ನು ನೇರ ಬಾಡಿಗೆ ಸೇರಿಸುತ್ತದೆ. ಗುಪ್ತ ಸ್ವಿಚ್ ಮೊದಲು, ಚಾವಿ ಆಮೇಲೆ. ಚಾವಿ ಮೊದಲು, ಗುಪ್ತ ಸ್ವಿಚ್ ಆಮೇಲೆ. ಹೇಗೆ ಮಾಡಿದರೂ ಕೂಗಿತು. ಇಪ್ಪತ್ತು ಸಲ ಎಣಿಸಿದೆ. ಎಲ್ಲ ಜೋಡಣೆಯೂ ಸ್ಕ್ರೂ ಕೆಳಗೆ, ಒಂದೂ ವೈರು ಕತ್ತರಿಸಿರಲಿಲ್ಲ. ಕಾಕಾ ಟಾರ್ಚ್ ಹಿಡಿದು ಒಳಗೆಲ್ಲ ನೋಡಿ, "ಈಗ ಚೊಕ್ಕ ಆತು" ಎಂದರು.

ವಾರ ಕಳೆಯುವಷ್ಟರಲ್ಲಿ ಮತ್ತೆ ಬ್ಯಾಟರಿ ಇಳಿಯಿತು.

ಈ ಸಲ ಅಕ್ಕಾರೇ ಅಂಗಡಿಗೆ ಬಂದರು. ಸ್ಟೂಲ್ ಕೊಟ್ಟರೂ ಕೂರಲಿಲ್ಲ. "ನಿಮ್ಮ ಬಜರಿನ ತಪ್ಪಲ್ಲ. ವಾಚ್‌ಮನ್ ಹೇಳಿದ, ಒಂದ ತಾಸು ಗಾಡಿ ಚೀರತಿತ್ತಂತ. ಅಪ್ಪನ ಮುಂದನ ಚೀರೇದ. ಇವರು ಲಾಕ್ ಮಾಡಿ ಮ್ಯಾಲೆ ಬಂದು ಚಹಾ ಕುಡದಾರ. ಕೇಳಿದ್ರ ಬಜರ್ ಹೊಡದೇ ಇಲ್ಲ ಅಂತಾರ." ಕೈಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡರು. "ಹೊಡೀತಿದ್ದದ್ದನ್ನ ಹೊಡದಿಲ್ಲ ಅನ್ನೋದಂದ್ರ ಏನರ್ಥ? ಮುಂದಿನ ಸೋಮವಾರ ಮರಿವಿನ ಡಾಕ್ಟರ್ ಕಡೆ ಹೆಸರು ಹಚ್ಚೀನಿ."

 ಒಂದು ಸಲ ಬೆಳಿಗ್ಗೆ ಅವರ ಜೊತೆ ನಾನೇ ಹೋಗಿ ನೋಡುತ್ತೇನೆ ಎಂದೆ. ರಿಲೇ ಎಲ್ಲಾದರೂ ಅಂಟಿಕೊಳ್ಳುತ್ತಿರಬಹುದು ಎಂಬ ಆಸೆ ಇನ್ನೂ ಇತ್ತು. ನನ್ನ ಕೆಲಸದಲ್ಲೇ ತಪ್ಪಿರಲಿ ಎಂದು ಬಯಸಿದ್ದು ಅದೇ ಮೊದಲು.

ಗುರುವಾರ ನಸುಕಿನಲ್ಲಿ ಕಾಕಾರ ಪಕ್ಕದ ಸೀಟಿನಲ್ಲಿ ಕೂತೆ. ಅವರು ಕಾರು ನಡೆಸುವ ರೀತಿ ನೋಡುವಂತಿತ್ತು. ಗೇರು ಬೀಳುವುದು ಗೊತ್ತಾಗುತ್ತಿರಲಿಲ್ಲ, ಘಾಟಿನ ತಿರುವಿನಲ್ಲಿ ಒಂದಿಷ್ಟೂ ಓಲಾಡಲಿಲ್ಲ. ಸುರಂಗದ ಬಳಿ ನಿಲ್ಲಿಸಿ, ಸಾತಾರಾ ಕಡೆಯಿಂದ ಬರುವ ಬಸ್ಸುಗಳ ಸಾಲನ್ನು ನೋಡುತ್ತ ಚಹಾ ಕುಡಿದೆವು. ನಮ್ಮ ಊರ ಕಡೆಯ ಬಸ್ಸು ಕಂಡರೆ ಕಾಕಾ ದೂರದಿಂದಲೇ ಬೋರ್ಡು ಓದುತ್ತಿದ್ದರು. ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿತ್ತು.

ಬರುವಾಗ ಬೆಳಕಾಗಿತ್ತು. ಕಾತ್ರಜ ಚೌಕ ದಾಟಿ ಎಡಕ್ಕೆ ಸರಿಯಬೇಕಿತ್ತು. ನಮ್ಮ ಎಡ ಹಿಂಬದಿಯಲ್ಲಿ ಒಂದು ಸ್ಕೂಟರು. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಶಾಲೆಯ ಸಮವಸ್ತ್ರದ ಹುಡುಗಿ. ಸ್ಕೂಟರಿನವನು ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಕಾಕಾ ಸರಿಯುತ್ತಲೇ ಇದ್ದರು. ಮೂರನೆಯ ಸಲ ಅವನು ಹಾರ್ನನ್ನು ಒತ್ತಿ ಹಿಡಿದೇಬಿಟ್ಟ. ನಾನು ಅವರ ತೋಳು ಹಿಡಿದೆಳೆದೆ. ಬ್ರೇಕು ಬಿತ್ತು. ಸ್ಕೂಟರು ರಸ್ತೆ ಬದಿಯ ಮಣ್ಣಿಗಿಳಿದು, ಓಲಾಡಿ, ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವನು ಮರಾಠಿಯಲ್ಲಿ ಬೈದು ಹೋದ.

ಕಾಕಾ ಸ್ಕೂಟರು ಹೋದ ದಿಕ್ಕಿಗೆ ನೋಡಿದರು. "ಒಂದು ಹಾರ್ನ್ ಹೊಡೀಬಾರ್ದೇನು ಅಂವಾ?" ಎಂದರು.

 ಅಲ್ಲಿಂದ ಸೊಸೈಟಿಯವರೆಗೂ ನಾನು ಹಿಂದಕ್ಕೆ ತಿರುಗಿ ನೋಡುತ್ತಲೇ ಕೂತೆ.

ಪಾರ್ಕಿಂಗಿನಲ್ಲಿ ಅವರು ಗುಪ್ತ ಸ್ವಿಚ್ ಒತ್ತಿದರು, ಚಾವಿ ತಿರುಗಿಸಿದರು. ಲೈಟು ಉರಿಯುತ್ತಿತ್ತು. ಬಜರ್ ಶುರುವಾಯಿತು. ಮುಚ್ಚಿದ ಕಾರಿನೊಳಗೆ ಆ ಚೂಪು ದನಿ ನನ್ನ ಹಲ್ಲಿನ ಬುಡಕ್ಕೆ ಇಳಿಯುತ್ತಿತ್ತು. ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಹಿಂದಿನ ಸೀಟಿನಿಂದ ಚೀಲ ತೆಗೆದುಕೊಂಡರು. ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟವರು, ನಾನು ಇಳಿಯದ್ದನ್ನು ಕಂಡು ತಿರುಗಿದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಹೊಡೀಲಿಕ್ಕತ್ತದೇನು?"

"ಹೊಡೀಲಾಕತ್ತದ್ರಿ ಕಾಕಾ."

ಅವರು ಕಾಲು ಒಳಗೆಳೆದುಕೊಂಡು ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ, ತಡಕಾಡಿ, ಬಜರಿನ ಮೇಲೆ ಬೆರಳಿಟ್ಟರು. ಅದರ ಕಂಪನ ಬೆರಳಿಗೆ ತಿಳಿದಿರಬೇಕು. ಬೆರಳನ್ನು ತೆಗೆಯಲೇ ಇಲ್ಲ. ಕೊನೆಗೆ ನಾನೇ ಕೈ ಚಾಚಿ ಲೈಟು ಆರಿಸಿದೆ.

"ಹತ್ರ ನಿಂತು ಆಡಿದ ಮಾತು ಕೇಳ್ತದ" ಎಂದರು. "ಬಸ್ಸಿನ ಹಾರ್ನ್ ಕೇಳ್ತದ. ಕುಕ್ಕರಿನ ಸೀಟಿ ಕೇಳದಾಂಗಾಗಿ ಎರಡು ವರ್ಷಾತು. ಮಗಳಿಗೆ ಹೇಳಿಲ್ಲ."

"ಅವ್ರು ನಿಮಗ ಮರಿವು ಅಂತ ತಿಳಕೊಂಡಾರ್ರಿ. ಸೋಮವಾರ ಡಾಕ್ಟರ್ ಕಡೆ ಒಯ್ಯೋರದಾರ."

"ಒಯ್ಯಲಿ. ಮರಿವಂದ್ರ ಗುಳಗಿ ಕೊಡ್ತಾರ. ಕಿವಿ ಅಂದ್ರ ಚಾವಿ ಇಸಗೋತಾರ." ಚಾವಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ದಪ್ಪ ದನಿದು ಒಂದು ಹಚ್ಚಿ ಕೊಡು ತಮ್ಮಾ. ಆಕಿ ಮುಂದ ಏನೂ ಅನಬ್ಯಾಡ."

ನಾನು ಹೂಂ ಅಂದೆ. 

ಜುನಾ ಬಜಾರದ ಗುಜರಿಯಲ್ಲಿ ಹುಡುಕಿ ಹಳೆಯ ಕಾಲದ ಬಜರ್ ಒಂದನ್ನು ತಂದೆ. ಒಳಗೆ ತಗಡು ಬಡಿದುಕೊಂಡು ಗೊರ್ರೆನ್ನುವಂಥದ್ದು. ಇಂಥ ಬಜರಿಗೆ ಪ್ಲಸ್ ಮೈನಸ್ಸಿನ ಗೊಡವೆಯಿಲ್ಲ. ಅದರೊಳಗಿನ ತಂತಿ ಸುರುಳಿ ಹಿಂದಕ್ಕೆ ಒದೆಯುವ ಕರೆಂಟು ರಿಲೇ ಕೆಡಿಸದಿರಲೆಂದು ಅಡ್ಡ ಒಂದು ರೆಸಿಸ್ಟರ್ ಕೂರಿಸಿದೆ. ಲೈಟು ಹಾಕಿದ ಕೂಡಲೇ ಕಾಕಾ ಬಾಗಿಲ ಹೊರಗಿದ್ದವರು ಬೆನ್ನು ನೇರ ಮಾಡಿದರು. "ಕೇಳಿಸ್ತು" ಎಂದರು. ಆಮೇಲೆ ಬ್ಯಾಟರಿ ಇಳಿಯಲಿಲ್ಲ. ನನಗೊಪ್ಪಿಸಿದ್ದ ಕೆಲಸ ಅಲ್ಲಿಗೆ ಮುಗಿದಿತ್ತು.

ಆದರೆ ಮುಂದಿನ ಎರಡು ಮೂರು ದಿನವೂ ನಸುಕಿನಲ್ಲಿ ಎಚ್ಚರಾಗುತ್ತಿತ್ತು. ಈಗ ಹೊರಟಿರುತ್ತಾರೆ, ಈಗ ಚೌಕ ದಾಟಿರುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಸ್ಕೂಟರಿನ ನಡುವೆ ಕೂತಿದ್ದ ಹುಡುಗಿಯ ಜಡೆಯ ರಿಬ್ಬನ್ ಕಣ್ಣೆದುರು ಬರುತ್ತಿತ್ತು. ಲೈಟಿಗೆ ಬಜರ್ ಹಾಕಬಲ್ಲೆ. ಹಿಂದಿನಿಂದ ಬರುವ ಪ್ರತಿಯೊಬ್ಬನ ಹಾರ್ನನ್ನು ದಪ್ಪ ಮಾಡಿಕೊಡಲಾರೆ. ಎಡಕ್ಕೊಂದು ದೊಡ್ಡ ಕನ್ನಡಿ ಹಾಕೋಣವೇ ಎಂದು ಕಾಕಾರಿಗೆ ಫೋನ್ ಮಾಡಿ ಕೇಳಿದೆ. ಬಾಗಿಲಿಗೆ ತೂತು ಕೊರೆಯಬೇಕಾಗುತ್ತದೆ, ಬೇಡ ಎಂದರು. ನೀವೇ ಮಗಳಿಗೆ ಹೇಳಿರಿ ಎಂದೆ. "ಲೈನ್ ಸರಿ ಇಲ್ಲ" ಎಂದು ಇಟ್ಟುಬಿಟ್ಟರು. ಲೈನ್ ಸರಿಯಿತ್ತು.

ಭಾನುವಾರ ಸಂಜೆ ಅಕ್ಕಾರು ಫೋನ್ ಮಾಡಿದರು. ಮರುದಿನ ಡಾಕ್ಟರು ಏನೇನು ಕೇಳಬಹುದೋ ಅದನ್ನೆಲ್ಲ ಅವರು ಬರೆದಿಟ್ಟುಕೊಳ್ಳುತ್ತಿದ್ದರು. "ನೀವು ಅಪ್ಪನ ಜೋಡಿ ಘಾಟಿಗೆ ಹೋಗಿದ್ರಲ್ಲ. ಗಾಡಿ ಹ್ಯಾಂಗ ಹೊಡೀತಾರ? ಖರೇ ಹೇಳ್ರಿ."

ಚೊಲೋ ಹೊಡೀತಾರ ಎಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಅಂಗಡಿಯ ಹೊರಗೆ ಬಂದು ನಿಂತು ಎಲ್ಲ ಹೇಳಿದೆ. ಕುಕ್ಕರ್, ಬಜರಿನ ಮೇಲಿಟ್ಟ ಬೆರಳು, ಸ್ಕೂಟರು. ಅವರಿಗೆ ಮರೆವಲ್ಲ, ಕಿವಿಯ ತೊಂದರೆ, ಸಣ್ಣನೆಯ ಚೂಪು ದನಿಯೊಂದೇ ಕೇಳುವುದಿಲ್ಲ ಎಂದೆ. ಆ ಕಡೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಅಕ್ಕಾರು, "ನಾ ಹೇಳಿದ್ದು ಅವರಿಗೆ ಮುಟ್ಟೇ ಇರಲಿಲ್ಲ ಹಂಗಾದ್ರ" ಎಂದರು.

ಸೋಮವಾರ ಮರೆವಿನ ಡಾಕ್ಟರು ಎಲ್ಲ ಸರಿ ಇದೆ ಎಂದು ಕಿವಿಯ ಡಾಕ್ಟರ ಬಳಿ ಕಳಿಸಿದರು. ಎರಡೂ ಕಿವಿಯಲ್ಲಿ ಮೇಲಿನ ಶ್ರುತಿಯ ಚೂಪು ದನಿಗಳು ಹೋಗಿವೆ, ವಯಸ್ಸು ಮತ್ತು ಕಾರ್ಖಾನೆಯ ಗದ್ದಲ ಎರಡೂ ಕಾರಣವಿರಬಹುದು ಎಂದರಂತೆ. ಕಿವಿಗೆ ಮಷೀನು ಬಂತು. ರೂಢಿಯಾದ ಮೇಲೆ ಗಾಡಿ ನಡೆಸಬಹುದು ಎಂದೂ ಡಾಕ್ಟರು ಹೇಳಿದ್ದರು.

ಅಕ್ಕಾರು ಕಾರು ಮಾರಲಿಲ್ಲ. ಆದರೆ ಚಾವಿಯನ್ನು ತಮ್ಮ ಬಳಿ ಇಟ್ಟುಕೊಂಡರು. ಎರಡು ತಿಂಗಳ ಮೇಲೆ ನಾನು ಕೇಳಿ ನೋಡಿದೆ. ಈಗ ಕೇಳಿಸುತ್ತದಲ್ಲ, ಡಾಕ್ಟರೂ ಹೇಳಿದ್ದಾರಲ್ಲ, ಕಾಕಾರಿಗೆ ಚಾವಿ ಕೊಡಬಹುದಲ್ಲ ಎಂದು.

"ಸ್ಕೂಟರಿನ ಮ್ಯಾಲೆ ಒಂದು ಹುಡುಗಿ ಇತ್ತು ಅಂತ ನೀವ ಹೇಳಿದ್ದಲ್ಲ" ಎಂದರು ಅಕ್ಕಾರು. "ಕ್ಲಾಸಿನ್ಯಾಗ ದಿನಾ ಅಂಥಾ ಹುಡುಗ್ಯಾರನ್ನ ನೋಡ್ತೀನಿ. ನಾ ಹ್ಯಾಂಗ ಚಾವಿ ಕೊಡ್ಲಿ?"

ನನ್ನ ಮಾತೇ ನನ್ನೆದುರು ನಿಂತಿತ್ತು. ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಹಳೆಯ ಕಾರು ನಿಂತಲ್ಲೇ ನಿಂತರೆ ಕೆಡುತ್ತದೆ. ಅಕ್ಕಾರು ಕೇಳಿಕೊಂಡಿದ್ದರಿಂದ ಪ್ರತಿ ಭಾನುವಾರ ನಾನೇ ಹೋಗಿ ಅದನ್ನು ಘಾಟಿನ ತನಕ ಓಡಿಸಿ ತರುತ್ತೇನೆ. ಕಾಕಾ ಎಡಗಡೆಯ ಸೀಟಿನಲ್ಲಿ ಕೂರುತ್ತಾರೆ. ಎಂಜಿನ್ನಿನ ಸದ್ದು ಕೇಳುತ್ತ, ಗೇರು ಬದಲಿಸಬೇಕಾದಾಗ ಬೆರಳೆತ್ತಿ ತೋರಿಸುತ್ತಾರೆ. ಈಗ ನನಗೆ ತಮ್ಮಾ ಅನ್ನುವುದಿಲ್ಲ. ಬಹುವಚನದಲ್ಲೇ ಮಾತಾಡುತ್ತಾರೆ, ಅದೂ ಬೇಕಾದಷ್ಟೇ. ಸುರಂಗದ ಬಳಿ ಚಹಾ ಬಂದರೆ ಮೊದಲ ಲೋಟವನ್ನು ನನ್ನ ಕಡೆ ಸರಿಸುತ್ತಾರೆ, ಹೊರಗಿನವರಿಗೆ ಸರಿಸಿದ ಹಾಗೆ.

ಕಳೆದ ಭಾನುವಾರ ಘಾಟು ಇಳಿಯುವಾಗ ನನಗೆ ತಡೆಯಲಾಗಲಿಲ್ಲ.

"ಕಾಕಾ, ಹೇಳಬ್ಯಾಡ ಅಂದಿದ್ರಿ ನೀವು. ನಾ ಹೇಳಿದೆ. ನನ್ನ ಮ್ಯಾಲೆ ಸಿಟ್ಟು ಅದ ಏನ್ರಿ?"

ಅವರು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ನಾನು ಒಂದು ತಿರುವು ಮುಗಿಸಿದೆ. ಇನ್ನೊಂದು ಮುಗಿಸಿದೆ.

"ಹಿಂದ ಸ್ಕೂಟರ್ ಬರ್ಲಿಕ್ಕತ್ತದ" ಎಂದರು. "ಜಾಗಾ ಕೊಡ್ರಿ."

ನನಗೆ ಏನೂ ಕೇಳಿಸಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಬರುತ್ತಿತ್ತು. ಬದಿಗೆ ಸರಿದು ಜಾಗ ಕೊಟ್ಟೆ.